ಎಜ್ರಾ ಯಾಕ ಹೇಳಲಿಲ್ಲ?

ಕುಷ್ಟಗಿ
10 ಜೂನ್ 2024

ಅಪ್ಪನವರಿಗೆ ನಮಸ್ಕಾರ.

ನಾನೂ ನಿಮ್ಮ ಅಳಿಯನೂ ಆರಾಮ ಇದ್ದೇವೆ. ಪಂಚಾಯಿತಿ ಗ್ರಂಥಾಲಯದ ಕೆಲಸ ಎಂದಿನಂತೆ ನಡೆದಿದೆ. ಈ ಕಾಗದದ ಜೊತೆ ಒಂದು ಪುಸ್ತಕ ಕಳಿಸಿದ್ದೇನೆ. ಗ್ರಂಥಾಲಯದ್ದಲ್ಲ, ನಾನೇ ಕೊಂಡದ್ದು. ಅಮೆರಿಕದ ದಕ್ಷಿಣ ಸೀಮೆಯ ಕಾದಂಬರಿ, ಕನ್ನಡಕ್ಕೆ ಬಂದಿದೆ. ಹತ್ತಿ ಬೆಳೆಯುವ ಬಡವರ ಕಥೆ. ಹಾಳು ಬಿದ್ದ ಮಹಡಿ ಮನೆ, ಜವುಗು ನೆಲ, ಸಾವು, ಕತ್ತಲೆ, ಇವೇ ಹೆಚ್ಚು. ಓದಿದ ಮೇಲೆ ಎರಡು ದಿನ ನನಗೆ ಊಟ ಸೇರಲಿಲ್ಲ.

ಅದರಲ್ಲಿ ಎಜ್ರಾ ಎಂಬ ತಂದೆಯೊಬ್ಬ ಬರುತ್ತಾನೆ. ಅವನ ಬಗ್ಗೆ ನಿಮಗೆ ಏನನ್ನಿಸಿತು ಎಂದು ಬರೆಯಿರಿ. ನಡುವೆ ಬಿಡಬೇಡಿ, ಕೊನೆಯವರೆಗೂ ಓದಿ.

ಅವ್ವನ ವರ್ಷದ ದಿನಕ್ಕೆ ಬರಲು ಆಗುತ್ತದೋ ಇಲ್ಲವೋ ಈಗಲೇ ಹೇಳಲಾರೆ.

ರೇಣುಕಾ


ಗಂಗಾವತಿ
27 ಜೂನ್ 2024

ನನ್ನ ಮಗಳು ರೇಣುಕಾಳಿಗೆ ಆದೆಪ್ಪನ ಆಶೀರ್ವಾದ.

ಪುಸ್ತಕ ಮುಟ್ಟಿತು. ಮನೆಯಲ್ಲಿ ‘ನೀ’ ಎನ್ನುವವಳು ಕಾಗದದಲ್ಲಿ ‘ನೀವು’ ಎಂದಿದ್ದೀಯ. ಇರಲಿ, ಬರವಣಿಗೆಗೆ ಅದೇ ಚೆಂದವೇನೋ.

ಅರವತ್ತು ಪುಟ ಮುಗಿಸಿದೆ. ಎಂಥ ಜನ ಇವರು! ಅಷ್ಟರಲ್ಲೇ ಒಂದು ಹಸು ಕೆಸರಿನಲ್ಲಿ ಮುಳುಗಿ ಸತ್ತಿತು, ಒಬ್ಬ ಪಾದ್ರಿಗೆ ಹುಚ್ಚು ಹಿಡಿಯಿತು, ಎಜ್ರಾನ ತಮ್ಮ ಬಾವಿಯೊಳಗಿನಿಂದ ಯಾರೋ ಕರೆಯುತ್ತಾರೆ ಎಂದು ಅದರ ಕಟ್ಟೆಯ ಮೇಲೇ ಮಲಗತೊಡಗಿದ. ಇವರ ಪಾಲಿಗೆ ಒಂದು ಒಳ್ಳೆಯ ದಿನವೂ ಇಲ್ಲವೇ? ಆದರೂ ಪುಸ್ತಕ ಕೆಳಗಿಡಲು ಮನಸ್ಸು ಬಾರದು. ಮುಂದೇನು, ಮುಂದೇನು ಎಂದು ಜೀವ ಹಾತೊರೆಯುತ್ತದೆ.

ಕೆಲವು ಸಂಶಯಗಳಿವೆ. ಪೆಕನ್ ಎಂದರೆ ಯಾವ ಮರ? ಇವರು ಗೋವಿನಜೋಳದ ರೊಟ್ಟಿ ತಿನ್ನುತ್ತಾರಂತೆ, ಅದನ್ನು ನಮ್ಮ ಹಾಗೆ ತಟ್ಟುತ್ತಾರೋ ಬೇರೆ ರೀತಿಯೋ? ಮನೆಯ ಗೋಡೆಗಳೆಲ್ಲ ಹಲಗೆಯವು ಎಂದು ಬರೆದಿದ್ದಾರೆ. ಅಷ್ಟು ಮಳೆ ಬೀಳುವ ಕಡೆ ಗೆದ್ದಲು ಬಿಡುತ್ತದೆಯೇ? ಇನ್ನೊಂದು, ಎಜ್ರಾನ ಹೆಂಡತಿ ಮಾರ್ಥಾ ಕೆಮ್ಮುತ್ತಾಳೆ, ಕೆಮ್ಮುತ್ತಾಳೆ, ಒಬ್ಬರೂ ವೈದ್ಯರ ಮಾತೇ ಎತ್ತುವುದಿಲ್ಲ. ನನಗೆ ಇದು ಸರಿಬರಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಕೂತು ಬಾಯಿಬಿಟ್ಟು ಓದುತ್ತೇನೆ. ಹಾಗೆ ಓದಿದರೇ ನನಗೆ ತಲೆಗೆ ಹತ್ತುವುದು. ಮೆಲ್ಲಗೇ ಓದುತ್ತೇನೆ, ಯಾರಿಗೂ ತೊಂದರೆಯಿಲ್ಲ. ಕಿವಿ ಹಿಂದಿನ ಹಾಗೇ ಇದೆ, ಸ್ವಲ್ಪ ಮಂದ, ಅಷ್ಟೇ. ಅದಕ್ಕೇ ಫೋನಿಗಿಂತ ಕಾಗದ ವಾಸಿ.

ನಿನ್ನ ತಂದೆ
ಆದೆಪ್ಪ


ಗಂಗಾವತಿ
27 ಜೂನ್ 2024

ರೇಣುಕಕ್ಕನಿಗೆ,

ಮಾವನ ಕಾಗದವನ್ನು ಅಂಚೆಗೆ ಹಾಕುವವಳು ನಾನೇ. ಅದೇ ಲಕೋಟೆಯಲ್ಲಿ ಇದನ್ನೂ ಸೇರಿಸಿದ್ದೇನೆ. ಫೋನು ಮಾಡಿದರೆ ನೀವು ಎರಡು ಮಾತಿಗೆ “ಆಮ್ಯಾಲೆ ಮಾತಾಡ್ತೀನಿ” ಎಂದು ಇಟ್ಟುಬಿಡುತ್ತೀರಿ.

ಮಾವ ಮೆಲ್ಲಗೆ ಓದುತ್ತೇನೆ ಎಂದು ಬರೆದಿರಬೇಕು. ಅಕ್ಕಾ, ಮೂರನೇ ಮನೆಗೆ ಕೇಳುತ್ತದೆ! ರೈಸ್ ಮಿಲ್ಲಿನ ಇಂಜಿನ್ ಮನೆಯಲ್ಲಿ ಒದರಿ ಒದರಿ ಬಂದ ಗಂಟಲು. ಮೊದಲ ದಿನ ಪಕ್ಕದ ಮನೆಯ ದಾವಲಬೀ ಜಗಳವೇನೋ ಎಂದು ಓಡಿ ಬಂದಳು. ಬಾಗಿಲಲ್ಲಿ ನಿಂತು ಕೇಳಿದಳು, ಸುಮ್ಮನೆ ಹೋಗಿ ತಾನು ಹೊಲಿಯುವ ಕೌದಿ ತಂದು ನಮ್ಮ ಗೋಡೆಯ ಆಚೆ ಕಟ್ಟೆಯ ಮೇಲೆ ಕೂತಳು. ಈಗ ಅಲ್ಲಿ ಆರೇಳು ಹೆಂಗಸರು ಸೇರುತ್ತಾರೆ. ಎದುರಿನ ಟೇಲರ್ ಕಾಸೀಮಸಾಬ ಓದು ಶುರುವಾದ ಕೂಡಲೇ ಹೊಲಿಗೆ ಯಂತ್ರ ನಿಲ್ಲಿಸುತ್ತಾನೆ. ಮಾವನಿಗೆ ಇದ್ಯಾವುದೂ ಗೊತ್ತಿಲ್ಲ. ಹೇಳಿದರೆ ನಾಚಿಕೊಂಡು ಓದುವುದನ್ನೇ ಬಿಟ್ಟಾರು ಎಂದು ನಾವೂ ಹೇಳಿಲ್ಲ.

ನಿನ್ನೆ ಮಾವ ಪುಟ ಮಡಚಿಟ್ಟು ಎದ್ದಾಗ ದಾವಲಬೀ, “ಏ ಹುಲಿಗೆಮ್ಮಾ, ಆ ಬಾವ್ಯಾಗ ಯಾರದಾರಂತ ಒಂದೀಟು ನೋಡಿ ಹೇಳ. ನನಗ ರಾತ್ರಿ ನಿದ್ದಿ ಬರೂದಿಲ್ಲ” ಎಂದಳು. ನಾನು ಮುಂದಿನ ಪುಟಗಳನ್ನು ತಿರುವಿ ನೋಡಿದೆ. ಅಲ್ಲಿಯೂ ಬರೆದಿಲ್ಲ.

ಅಕ್ಕಾ, ಅತ್ತೆ ಹೋದಾಗಿನಿಂದ ನೀವು ಮಾವನ ಮೇಲೆ ಸಿಟ್ಟಾಗಿದ್ದೀರಿ. ಡಾಕ್ಟರು ಬೆಳಿಗ್ಗೆಯೇ ಮಕ್ಕಳನ್ನು ಕರೆಸಿ ಎಂದಿದ್ದರು, ಮಾವ ಕರೆಸಲಿಲ್ಲ, ಸಂಜೆಗೆ ಅತ್ತೆ ತೀರಿಕೊಂಡರು. ಮಣ್ಣಾದ ಮೂರನೆಯ ದಿನ ನೀವು ಎಲ್ಲರೆದುರು ಅದನ್ನು ಕೇಳಿದಿರಿ. ಮಾವ ತಲೆಯಾಡಿಸಿದರು, ಅಷ್ಟೇ. ಆ ದಿನದ ನಂತರ ನೀವು ಈ ಹೊಸ್ತಿಲು ತುಳಿದಿಲ್ಲ. ನಾನು ಯಾರ ಕಡೆಯೂ ಮಾತಾಡುತ್ತಿಲ್ಲ. ಒಮ್ಮೆ ಬನ್ನಿ, ಓದು ಕೇಳಲಾದರೂ.

ನಿಮ್ಮ ತಮ್ಮನ ಹೆಂಡತಿ
ಹುಲಿಗೆಮ್ಮ


ಕುಷ್ಟಗಿ
15 ಜುಲೈ 2024

ಅಪ್ಪನವರಿಗೆ,

ಪೆಕನ್ ಎಂಬುದು ಅಕ್ರೋಟಿನ ಜಾತಿಯ ಮರ. ಅವರು ರೊಟ್ಟಿಯನ್ನು ತಟ್ಟುವುದಿಲ್ಲ. ಹಿಟ್ಟನ್ನು ತೆಳ್ಳಗೆ ಕಲಸಿ ಕಬ್ಬಿಣದ ಬಾಣಲೆಗೆ ಸುರಿದು ಬೇಯಿಸುತ್ತಾರೆ. ಹಲಗೆಗೆ ಗೆದ್ದಲು ಹಿಡಿಯುತ್ತದೆ ಎಂದೇ ತೋರುತ್ತದೆ. ಆ ಮನೆ ಕೊನೆಗೆ ಏನಾಗುತ್ತದೆ ಎಂದು ನಾನು ಹೇಳುವುದಿಲ್ಲ.

ನೀವು ಎಲ್ಲವನ್ನೂ ಕೇಳಿದ್ದೀರಿ, ಎಜ್ರಾನ ಬಗ್ಗೆ ಮಾತ್ರ ಒಂದು ಸಾಲೂ ಬರೆದಿಲ್ಲ.

ರೇಣುಕಾ


ಗಂಗಾವತಿ
22 ಆಗಸ್ಟ್ 2024

ರೇಣುಕಾಳಿಗೆ ಆಶೀರ್ವಾದ.

ವರ್ಷದ ದಿನ ಮುಗಿಯಿತು. ನಿನ್ನ ತಮ್ಮ ವಿರುಪಾಕ್ಷಿ ಭತ್ತ ಕೊಯ್ಯುವ ಮಷಿನ್ನನ್ನು ರಿಪೇರಿಗೆ ಬಿಟ್ಟು ಬಂದಿದ್ದ. ಹುಲಿಗೆಮ್ಮ ನಿನ್ನ ಅವ್ವನಿಗೆ ಇಷ್ಟವಾದ ಮಾದಲಿ ಮಾಡಿದ್ದಳು. ನೀನು ಬರುವೆ ಎಂದು ಎರಡು ಬಸ್ಸು ನೋಡಿದೆವು. ಯಾಕೆ ಬರಲಿಲ್ಲ ಎಂದು ಕೇಳುವುದಿಲ್ಲ.

ಎಜ್ರಾನ ಬಗ್ಗೆ ಕೇಳಿದ್ದೀಯ. ಆ ಅಧ್ಯಾಯಕ್ಕೆ ಬಂದೆ. ಮಾರ್ಥಾ ಉಳಿಯುವುದಿಲ್ಲ ಎಂದು ಅವನಿಗೆ ಗೊತ್ತು. ಮಗಳು ಲೋರಾ ಇಪ್ಪತ್ತು ಮೈಲಿಯಾಚೆ ಪಟ್ಟಣದಲ್ಲಿ ಯಾರದೋ ಮನೆಯ ಅಡುಗೆಗಿದ್ದಾಳೆ. ಹೇಸರಗತ್ತೆ ಅಂಗಳದಲ್ಲೇ ಕಟ್ಟಿದೆ. ಹೋಗಿ ಕರೆತರಬಹುದು. ಅವನು ಹೋಗುವುದಿಲ್ಲ. ಹೆಂಡತಿ ಸತ್ತ ಮೇಲೂ ಯಾರಿಗೂ ಹೇಳದೆ ಮರದ ಕೆಳಗೆ ಹೂಳುತ್ತಾನೆ. ಮಹಡಿಯ ಕೋಣೆಯಲ್ಲಿ ದಿನವೂ ದೀಪ ಹಚ್ಚಿಡುತ್ತಾನೆ, ನೋಡಿದವರು ಆಕೆ ಇನ್ನೂ ಇದ್ದಾಳೆ ಎಂದುಕೊಳ್ಳಲಿ ಎಂದು. ಸುಗ್ಗಿಗೆ ಲೋರಾ ಬಂದು ಮೆಟ್ಟಿಲು ಹತ್ತಿ ಓಡುತ್ತಾಳೆ.

ಈ ಅಧ್ಯಾಯವನ್ನು ನಾನು ಬಾಯಿಬಿಟ್ಟು ಓದಲಿಲ್ಲ. ಕಣ್ಣಿನಲ್ಲೇ ಓದಿದೆ. ಈ ಪುಸ್ತಕವನ್ನೇ ಯಾಕೆ ಆರಿಸಿದೆ ಎಂದೂ ಕೇಳುವುದಿಲ್ಲ.

ಸ್ವಲ್ಪ ದಿನ ಮುಚ್ಚಿಡುತ್ತೇನೆ. ಕಣ್ಣಿಗೆ ದಣಿವಾಗಿದೆ.

ಆದೆಪ್ಪ


ಗಂಗಾವತಿ
9 ಸೆಪ್ಟೆಂಬರ್ 2024

ರೇಣುಕಕ್ಕಾ,

ಇಲ್ಲಿ ಒಂದು ಸಂಗತಿ ನಡೆಯಿತು. ಹೇಗೆ ಬರೆಯಬೇಕೋ ತಿಳಿಯದು, ನಡೆದ ಹಾಗೇ ಬರೆಯುತ್ತೇನೆ.

ಮಾವ ಹತ್ತು ಹನ್ನೆರಡು ದಿನ ಪುಸ್ತಕ ಮುಟ್ಟಲಿಲ್ಲ. ಕಟ್ಟೆಯ ಮೇಲಿನವರು ದಿನವೂ ಬಂದು ಕೂತು ಬರಿಗೈಯಲ್ಲಿ ಹೋದರು. ದಾವಲಬೀಗೆ ತಡೆಯಲಾಗಲಿಲ್ಲ. ಸೀದಾ ಒಳಗೆ ಬಂದು ಮಾವನ ಎದುರು ಕೂತು, “ಆದೆಪ್ಪಣ್ಣಾ, ಮಾರ್ಥಾಗ ಏನಾತು? ನಮ್ಮನ್ನ ನಡುನೀರಾಗ ಯಾಕ ಕೈ ಬಿಟ್ಟಿ?” ಎಂದಳು. ಮಾವ ಬೆರಗಾಗಿ ಆಕೆಯ ಮುಖವನ್ನೇ ನೋಡಿದರು. ಆಮೇಲೆ ಕಿಟಕಿಗೆ ಹೋಗಿ ಇಣುಕಿದರು. ಕಟ್ಟೆಯ ತುಂಬ ಜನ. ಕಾಸೀಮಸಾಬ ನಿಂತು ಸಲಾಮು ಮಾಡಿದ. ಮಾವನಿಗೆ ನಾಚಿಕೆಯೂ ಬಂತು, ನಗುವೂ ಬಂತು. ಕೊನೆಗೆ ಪುಸ್ತಕ ತೆಗೆದು ಆ ಅಧ್ಯಾಯವನ್ನು ಪೂರಾ ಓದಿದರು. ನಡುವೆ ಎರಡು ಸಲ ನಿಲ್ಲಿಸಿ ನೀರು ಕುಡಿದರು.

ಮುಗಿಯುತ್ತಲೇ ಹೊರಗೆ ಗದ್ದಲವೋ ಗದ್ದಲ. ಎಜ್ರಾನನ್ನು ಬೈಯದವರಿಲ್ಲ. “ಮಗಳಿಗೆ ತಾಯಿ ಮಾರಿ ತೋರಸದವ ತಂದಿ ಏನ್ರಿ?” ಎಂದು ಕಾಸೀಮಸಾಬ. “ಹೇಳಿದ್ರ ಖರೇ ಆಗತೈತಿ ಅಂತ ಅಂಜಿರಬೇಕು ಪಾಪ” ಎಂದು ಒಬ್ಬಾಕೆ. ದಾವಲಬೀ ಸೆರಗಿನಿಂದ ಕಣ್ಣು ಬಾಯಿ ಒರೆಸಿಕೊಳ್ಳುತ್ತಲೇ ಕೇಳಿದಳು, “ನೀನಾಗಿದ್ರ ಹಿಂಗ ಮಾಡ್ತಿದ್ದೇನಣ್ಣಾ?”

ಮಾವ ತಲೆಯಾಡಿಸಿ, “ಹೂಂ, ಹೂಂ” ಎಂದರು.

ಕಟ್ಟೆಯ ಮೇಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆದರೆ ಮಾವನ ಮುಖದಲ್ಲಿ ಏನೂ ಇರಲಿಲ್ಲ ಅಕ್ಕಾ. ಊಟಕ್ಕೆ ಬಡಿಸಲೇ ಎಂದರೆ ಹೂಂ ಎನ್ನುವ ಹಾಗೆ ಅಂದಿದ್ದರು. ಎಲ್ಲರೂ ಹೋದ ಮೇಲೆ ನಾನು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಅವರೆದುರು ನಿಂತು, “ಮಾವಾ, ಮನಿಗೆ ಬೆಂಕಿ ಬಿದ್ದೈತಿ” ಎಂದೆ. “ಹೂಂ, ಆಗಲಿ” ಎಂದರು. ಸೆರಗು ತೆಗೆದು, ಬಾಯಿ ಕಾಣುವಂತೆ, “ಚಹಾ ಮಾಡಲೇನ್ರಿ?” ಎಂದೆ. “ಸಕ್ಕರಿ ಕಡಿಮಿ ಹಾಕವ್ವ” ಎಂದರು. ಸಂಜೆ ಬೆನ್ನ ಹಿಂದೆ ಬೇಕೆಂದೇ ಕೊಡಪಾನ ಕೆಡವಿದೆ. ತಿರುಗಿಯೂ ನೋಡಲಿಲ್ಲ.

ಮಂದವಲ್ಲ ಅಕ್ಕಾ, ಏನೂ ಕೇಳುವುದಿಲ್ಲ. ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ತುಟಿ ಕಾಣದಿದ್ದರೆ ಹೂಂ ಎನ್ನುತ್ತಾರೆ. ಒಂದೇ ಮನೆಯಲ್ಲಿದ್ದು ನಮಗೆ ತಿಳಿಯಲಿಲ್ಲ.

ಹುಲಿಗೆಮ್ಮ


ಕುಷ್ಟಗಿ
14 ಸೆಪ್ಟೆಂಬರ್ 2024

ಅಪ್ಪಾ,

ಈ ಕಾಗದದಲ್ಲಿ ‘ನೀವು’ ಬೇಡ.

ಹುಲಿಗೆಮ್ಮನ ಕಾಗದ ನಿನ್ನೆ ಬಂತು. ಓದಿ ಗ್ರಂಥಾಲಯದ ಬಾಗಿಲು ಹಾಕಿಕೊಂಡು ಒಳಗೇ ಕೂತೆ. ನನಗೆ ಒಂದೇ ಒಂದು ವಿಷಯ ತಿಳಿಯಬೇಕು. ಆ ದಿನ ಬೆಳಿಗ್ಗೆ ಕೊಪ್ಪಳದ ಆಸ್ಪತ್ರೆಯಲ್ಲಿ ಡಾಕ್ಟರು ನಿನಗೆ ಹೇಳಿದರಲ್ಲ, ಇವತ್ತು ಕಷ್ಟ, ಮಕ್ಕಳನ್ನು ಕರೆಸಿ ಎಂದು. ಆಮೇಲೆ ನಾನು ಹೋಗಿ ವಿಚಾರಿಸಿದಾಗ ಅವರು, “ನಿಮ್ಮ ತಂದಿಯವರಿಗೆ ಸ್ಪಷ್ಟ ಹೇಳೇನ್ರಿ, ಅವರು ಹೂಂ ಆಗಲಿ ಅಂದ್ರು” ಎಂದರು. ಆ ‘ಆಗಲಿ’ಯನ್ನು ನಾನು ಒಂದು ವರ್ಷದಿಂದ ಹೊತ್ತುಕೊಂಡು ತಿರುಗುತ್ತಿದ್ದೇನೆ. ಎರಡು ತಾಸಿನ ದಾರಿ ಅಪ್ಪಾ. ನನಗೆ ಅವ್ವನ ಮೋರೆ ಸಿಕ್ಕಿತು, ಮಾತು ಸಿಗಲಿಲ್ಲ.

ಅವರು ಹೇಳಿದ್ದು ನಿನಗೆ ಕೇಳಿಸಿತ್ತೇ?

ಮೂರನೆಯ ದಿನ ನಾನು ಎಲ್ಲರೆದುರು ನಿನ್ನನ್ನು ಅಂದೆನಲ್ಲ. ಅಳುತ್ತ, ಮುಖ ಮುಚ್ಚಿಕೊಂಡು ಅಂದೆ. ಆಗಲೂ ನೀನು ತಲೆಯಾಡಿಸಿದೆ. ತಪ್ಪು ಒಪ್ಪಿಕೊಂಡೆ ಎಂದು ನಾನು ತಿಳಿದೆ. ನಾನು ಏನಂದೆ ಎಂದಾದರೂ ನಿನಗೆ ಗೊತ್ತೇ?

ರೇಣುಕಾ


ಗಂಗಾವತಿ
30 ಸೆಪ್ಟೆಂಬರ್ 2024

ರೇಣುಕಾ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ನಾಲ್ಕು ಸಲ ಕೂತೆ.

ಕಾದಂಬರಿ ಮುಗಿಸಿದೆ. ಎಜ್ರಾ ಯಾಕೆ ಹೇಳಲಿಲ್ಲ ಎಂದು ಆ ಪುಸ್ತಕ ಕೊನೆಗೂ ಹೇಳುವುದಿಲ್ಲ. ಕಟ್ಟೆಯ ಮೇಲಿನವರು ಇನ್ನೂ ಜಗಳಾಡುತ್ತಿದ್ದಾರೆ. ನನ್ನದು ಅಷ್ಟು ದೊಡ್ಡ ಗುಟ್ಟಲ್ಲ. ನನಗೆ ಕೇಳಿಸಲಿಲ್ಲ.

ಮಿಲ್ಲು ಬಿಡುವ ಹೊತ್ತಿಗೇ ಕಿವಿ ಮುಕ್ಕಾಲು ಹೋಗಿತ್ತು. ಆಮೇಲೆ ಪೂರಾ ಹೋಯಿತು. ಒಂದೇ ದಿನ ಹೋಗಿದ್ದರೆ ಹೇಳುತ್ತಿದ್ದೆನೇನೋ. ದಿನಕ್ಕೆ ಒಂದೊಂದು ಸಪ್ಪಳ ಹೋಯಿತು. ಯಾವತ್ತು ಹೇಳಬೇಕು ಎಂದು ತಿಳಿಯಲಿಲ್ಲ. ಏನ್ರಿ, ಏನ್ರಿ ಎಂದು ಮೂರು ಸಲ ಕೇಳಿದರೆ ಎದುರಿನವರ ಮುಖ ಗಂಟಾಗುತ್ತದೆ. ಹೂಂ ಎಂದರೆ ಎಲ್ಲವೂ ಸಲೀಸು.

ಆ ಡಾಕ್ಟರು ಬಾಯಿಗೆ ಬಟ್ಟೆ ಕಟ್ಟಿದ್ದರು. ಕಣ್ಣು ಮಾತ್ರ ಕಾಣುತ್ತಿತ್ತು, ಒಳ್ಳೆಯ ಕಣ್ಣು. ನನ್ನ ಭುಜದ ಮೇಲೆ ಕೈಯಿಟ್ಟರು. ವಾಸಿಯಾಗುತ್ತಾಳೆ, ಧೈರ್ಯದಿಂದಿರಿ ಎನ್ನುತ್ತಿದ್ದಾರೆ ಎಂದುಕೊಂಡೆ. ಹೂಂ, ಆಗಲಿ ಎಂದೆ. ಖುಷಿಯಿಂದ ಕೆಳಗೆ ಹೋಗಿ ಚಹಾ ಕುಡಿದು ಬಂದೆ.

ನೀನು ಮೂರನೆಯ ದಿನ ಏನಂದೆಯೋ ನನಗೆ ಗೊತ್ತಿರಲಿಲ್ಲ. ಮೂರು ತಿಂಗಳಾದ ಮೇಲೆ ವಿರುಪಾಕ್ಷಿ ಯಾವುದೋ ಮಾತಿಗೆ ಅದನ್ನೆತ್ತಿದ. ಅವನ ತುಟಿಯ ಮೇಲೆ ಓದಿದೆ. ಆಗಲೇ ತಿಳಿಯಿತು, ಡಾಕ್ಟರು ಹೇಳಿದ್ದೇನು ಎಂದು. ಆ ಮೇಲೆ ಏನು ಹೇಳಲಿ? ಕಿವುಡ ಎಂದರೆ ನೆವ ಹೂಡಿದ ಎನ್ನುತ್ತಿದ್ದಿರಿ.

ಒಂದು ಮಾತು ಉಳಿದಿದೆ, ಅದು ಇದಕ್ಕಿಂತ ಹೆಚ್ಚು ಸುಡುತ್ತದೆ. ಆ ದಿನ ನಿನ್ನ ಅವ್ವ ಇಡೀ ಹಗಲು ಮಾತಾಡಿದಳು. ಮೂಗು ಬಾಯಿಯ ಮೇಲೆ ಹವಾ ಕೊಡುವ ಮುಸುಕು ಹಾಕಿದ್ದರು. ಅದರೊಳಗೆ ಉಗಿ ಕಟ್ಟಿ ತುಟಿ ಕಾಣುತ್ತಿರಲಿಲ್ಲ. ನಾನು ಕೈ ಹಿಡಿದುಕೊಂಡು ಹೂಂ, ಹೂಂ ಎನ್ನುತ್ತ ಕೂತಿದ್ದೆ. ಒಮ್ಮೆ ಮುಸುಕು ಸರಿಸಿದಾಗ ನಿನ್ನ ಹೆಸರು ಕಂಡಿತು. ಅಷ್ಟೇ ಗೊತ್ತು. ನಿನಗೆ ಏನೋ ಹೇಳಿ ಕಳಿಸಿದ್ದಾಳೆ ರೇಣುಕಾ, ಅದು ನನ್ನಲ್ಲಿಗೆ ಬಂದು ಮುಟ್ಟಲಿಲ್ಲ.

ಪಕ್ಕದ ಹಾಸಿಗೆಯಲ್ಲಿ ಯಲಬುರ್ಗಾದ ನಸೀಮಾಬಿ ಎಂಬಾಕೆ ಇದ್ದಳು. ನನ್ನ ಫೋನಿನಿಂದ ನಿನಗೆ ಸುದ್ದಿ ಮುಟ್ಟಿಸಿದ ಹುಡುಗ ವಾಹೀದ ಆಕೆಯ ಮಗ. ಬಸ್ ನಿಲ್ದಾಣದ ಹತ್ತಿರ ಗಾದಿ ಅಂಗಡಿಯಂತೆ. ಆಕೆಗೆ ಕೇಳಿಸಿರಬಹುದು. ನನಗೆ ಹೋಗಿ ಕೇಳುವ ಧೈರ್ಯವಾಗಲಿಲ್ಲ. ಹೋದರೂ ಆಕೆ ಹೇಳಿದ್ದು ನನಗೆ ಹೇಗೆ ತಿಳಿಯಬೇಕು?

ಅಪ್ಪ


ಕುಷ್ಟಗಿ
21 ಅಕ್ಟೋಬರ್ 2024

ಅಪ್ಪಾ,

ನಿನ್ನೆ ಭಾನುವಾರ ಯಲಬುರ್ಗಾಕ್ಕೆ ಹೋಗಿದ್ದೆ. ಗಾದಿ ಅಂಗಡಿ ಸುಲಭವಾಗಿ ಸಿಕ್ಕಿತು. ಅರಳೆಯ ರಾಶಿಯ ನಡುವೆ ವಾಹೀದ ಕೂತಿದ್ದ. ಹೆಸರು ಹೇಳುತ್ತಲೇ ಎದ್ದು ಮನೆಗೆ ಕರೆದೊಯ್ದ. ನಸೀಮಾಬಿ ಈಗ ಗಟ್ಟಿಯಾಗಿದ್ದಾಳೆ. ನನ್ನನ್ನು ನೋಡಿದ್ದೇ, “ಪಾರಮ್ಮಕ್ಕನ ಮಗಳಲ್ಲೇನ? ಅದs ಮೂಗು, ಅದs ಗಲ್ಲ” ಎಂದು ಹತ್ತಿರ ಕೂರಿಸಿಕೊಂಡಳು.

ನಾನು ನಿನ್ನ ಕಿವಿಯ ವಿಷಯ ತೆಗೆದೆ. ಆಕೆ ನಕ್ಕಳು. “ನಿಮ್ಮವ್ವಗ ಗೊತ್ತಿತ್ತು ಬೇಟಾ” ಎಂದಳು.

ಅಪ್ಪಾ, ಅವ್ವನಿಗೆ ಗೊತ್ತಿತ್ತು. ಮೊದಲಿನಿಂದಲೂ.

ಆ ದಿನ ನಸೀಮಾಬಿಯೇ ಕೇಳಿದಳಂತೆ: “ಅವರಿಗೆ ಕೇಳಸೂದಿಲ್ಲ ಅಂತೀರಿ, ಮತ್ತ ಮುಂಜಾನಿಂದ ಯಾರಿಗೆ ಹೇಳಾಕ ಹತ್ತೀರಿ ಅಕ್ಕಾ?” ಅವ್ವ ಮುಸುಕು ಸರಿಸಿ ಹೇಳಿದಳಂತೆ: “ಇವರಿಗೇ. ಕಿವಿ ಹೋದಾಗಿಂದ ಇವರಿಗೆ ಎಲ್ಲಾ ಹೇಳೇನಿ. ಕೇಳೂ ಗಂಡಗ ಎಲ್ಲಾ ಹೇಳಾಕ ಬರತೈತೇನ?”

ನಸೀಮಾಬಿ ಇದನ್ನು ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ನಗುತ್ತ ನಗುತ್ತ ಅತ್ತೆ.

ನನ್ನ ಬಗ್ಗೆ ಅವ್ವ ಅಂದದ್ದು ಹೇಳುತ್ತೇನೆ. ‘ರೇಣುಕಾ ಕಾಲೇಜು ಕಲಿಯಲಿ ಎಂದು ಹಟ ಹಿಡಿದವಳು ನಾನು, ಊರೆಲ್ಲ ನಿಮ್ಮನ್ನು ಹೊಗಳಿತು, ನೀವು ಮೀಸೆ ತಿರುವಿಕೊಂಡು ಓಡಾಡಿದಿರಿ’ ಎಂದು ನಿನ್ನನ್ನು ಅಂದಳಂತೆ. ಆಗ ನಸೀಮಾಬಿ, “ಮಗಳಿಗೆ ಫೋನ್ ಹಚ್ಚಸಲೇನ?” ಎಂದಿದ್ದಾಳೆ. ಅವ್ವ ಬೇಡವೆಂದಳಂತೆ. “ಆಕಿ ಬಂದ್ರ ಅಳತಾಳ. ಆಕೀನ್ನ ಸಮಾಧಾನ ಮಾಡೂದರಾಗs ಹೊತ್ತು ಹೋಗತೈತಿ. ಇವತ್ತ ನನಗ ಮಾತಾಡೂದೈತಿ.”

ಇದನ್ನು ಕೇಳಿ ಮೊದಲು ನೋವಾಯಿತು, ಸುಳ್ಳು ಹೇಳುವುದಿಲ್ಲ. ಬಸ್ಸಿನಲ್ಲಿ ಕುಷ್ಟಗಿಯವರೆಗೆ ಅದನ್ನೇ ಯೋಚಿಸಿದೆ. ನಾನು ಬಂದಿದ್ದರೆ ಖಂಡಿತ ಅಳುತ್ತಿದ್ದೆ.

ಆಕೆ ಮಾತಾಡಿದ್ದು ಇನ್ನೂ ಬಹಳ ಇದೆ. ಅಜ್ಜಿಯ ಬಗ್ಗೆ, ಮಿಲ್ಲಿನ ಬಗ್ಗೆ, ನಾನು ಹುಟ್ಟುವ ಮೊದಲು ಹೋದ ಮಗುವಿನ ಬಗ್ಗೆ. ನಸೀಮಾಬಿ ಹೇಳಲು ಬಾಯಿ ತೆರೆದಳು, ನಾನೇ ತಡೆದೆ. ಅದು ನಿನಗೆ ಹೇಳಿದ್ದು, ನೀನಿಲ್ಲದೆ ನಾನು ಕೇಳಬಾರದು ಎನ್ನಿಸಿತು. ಆಕೆ, “ಅವರನ್ನ ಕರಕೊಂಡ ಬಾ” ಎಂದಿದ್ದಾಳೆ.

ಶುಕ್ರವಾರ ಸಂಜೆ ಗಂಗಾವತಿಗೆ ಬರುತ್ತೇನೆ. ಶನಿವಾರ ಕೊಪ್ಪಳದಲ್ಲಿ ಕಿವಿಯ ಡಾಕ್ಟರಿಗೆ ತೋರಿಸೋಣ. ಅಲ್ಲಿಂದ ಯಲಬುರ್ಗಾ. ಬರುತ್ತೀಯಲ್ಲ?

ನಿನ್ನ ರೇಣುಕಾ


ಗಂಗಾವತಿ
23 ಅಕ್ಟೋಬರ್ 2024

ರೇಣುಕಾ,

ಈ ಕಾಗದವನ್ನು ಅಂಚೆಗೆ ಹಾಕಿದರೆ ನಿನಗಿಂತ ತಡವಾಗಿ ಮುಟ್ಟೀತು ಎಂದು, ನಿನ್ನೆ ನಿನ್ನ ಕಾಗದ ತಂದುಕೊಟ್ಟ ಕುಷ್ಟಗಿ ಬಸ್ಸಿನ ಕಂಡಕ್ಟರ ಗೋವಿಂದರಾಜನ ಕೈಗೇ ಕೊಟ್ಟಿದ್ದೇನೆ.

ಬರುತ್ತೇನೆ. ಡಾಕ್ಟರು ಕಿವಿಗೆ ಏನು ಹಚ್ಚುತ್ತಾರೋ ಹಚ್ಚಲಿ. ಈ ವಯಸ್ಸಿನಲ್ಲಿ ಅದರಿಂದ ಎಷ್ಟು ಉಪಯೋಗವೋ ನೋಡೋಣ.

ಹುಲಿಗೆಮ್ಮನಿಗೆ ನಿನ್ನ ಕಾಗದ ಓದಿ ಹೇಳಿದೆ. ನಾನು ನಿನ್ನೆಯಿಂದ ಒಂದನ್ನೇ ಯೋಚಿಸುತ್ತಿದ್ದೇನೆ. ಅಷ್ಟು ವರ್ಷ ಪಾರಮ್ಮ ರೊಟ್ಟಿ ತಟ್ಟುತ್ತ, ಅಕ್ಕಿ ಆರಿಸುತ್ತ, ನನ್ನ ಕಡೆ ಬೆನ್ನು ಮಾಡಿಕೊಂಡೇ ಏನೋ ಅನ್ನುತ್ತಿದ್ದಳು. ಭುಜ ಅಲುಗುವುದನ್ನು ನೋಡಿ ಹೂಂ ಎನ್ನುತ್ತಿದ್ದೆ. ಹಾಡಿಕೊಳ್ಳುತ್ತಿದ್ದಾಳೆ ಎಂದುಕೊಂಡಿದ್ದೆ. ನನಗೇ ಹೇಳುತ್ತಿದ್ದಳೇ? ಏನೆಲ್ಲ ಹೇಳಿದಳೋ!

ನಸೀಮಾಬಿಗೆ ಮುಂಚೆಯೇ ತಿಳಿಸು. ನನ್ನ ಎದುರಿಗೆ, ಬೆಳಕಿನಲ್ಲಿ ಕೂರಬೇಕು. ಸಾವಕಾಶ ಹೇಳಬೇಕು. ಮುಲಾಜು ಮಾಡಬಾರದು, ಬೈದದ್ದನ್ನೂ ಬೈದ ಹಾಗೇ ಹೇಳಬೇಕು. ತಿಳಿಯದಿದ್ದರೆ ಈ ಸಲ ಹೂಂ ಎನ್ನುವುದಿಲ್ಲ. ಇನ್ನೊಮ್ಮೆ ಹೇಳವ್ವಾ ಎನ್ನುತ್ತೇನೆ.

ಅಪ್ಪ